ಕಾಲು ಸೋತ ನಾಯಿಗೆ ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆ: ಮನೆಯಲ್ಲಿ ಹಂತಹಂತವಾಗಿ ಮಾಡಬೇಕಾದದ್ದು

ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ ಕಡೆ ನಾಯಿಯ ಬೆಲೆಯನ್ನು ಅದರ ಓಟದಿಂದಲೇ ಕಟ್ಟುವ ರೂಢಿಯಿದೆ. ಹಾಗಾಗಿ ಹಿಂಗಾಲು ಎಳೆಯತೊಡಗಿದ ನಾಯಿಯನ್ನು ಕಂಡರೆ ಸುತ್ತಲಿನವರು ಸಾಮಾನ್ಯವಾಗಿ ಎರಡು ಸಲಹೆಗಳನ್ನು ಕೊಡುತ್ತಾರೆ. ಎಣ್ಣೆ ತಿಕ್ಕಿ ಬಿಡಿ, ತಾನೇ ನೆಟ್ಟಗಾಗುತ್ತದೆ ಎಂಬುದು ಒಂದು. ಬೆಂಗಳೂರಿಗೋ ಪುಣೆಗೋ ಒಯ್ದು ಆಪರೇಷನ್ ಮಾಡಿಸಿ, ಅದಾಗದಿದ್ದರೆ ಆಸೆ ಬಿಡಿ ಎಂಬುದು ಇನ್ನೊಂದು. ಇವೆರಡರ ನಡುವೆ ನೋವು ನಿವಾರಣೆ, ತೂಕ ಇಳಿಕೆ, ಜಾರದ ನೆಲ, ಅಳತೆಯ ನಡಿಗೆ, ನಿಯಮಿತ ವ್ಯಾಯಾಮ ಎಂಬ ದೊಡ್ಡ ಹಾದಿಯೊಂದಿದೆ. ಕೀಲುವಾತ, ಸೊಂಟದ ಕೀಲಿನ ದೋಷ, ಸ್ನಾಯು ಉಳುಕು, ಸೌಮ್ಯ ಬೆನ್ನುನೋವು ಇರುವ ಬಹಳಷ್ಟು ನಾಯಿಗಳು ಈ ಹಾದಿಯಲ್ಲಿಯೇ ನೆಮ್ಮದಿಯಾಗಿ ನಡೆದಾಡುವಂತಾಗುತ್ತವೆ. ಇದಕ್ಕೆ ಬೇಕಾದ ಸಾಮಗ್ರಿ ದುಬಾರಿಯದಲ್ಲ, ಆದರೆ ಪ್ರತಿಯೊಂದಕ್ಕೂ ಪ್ರಮಾಣವಿದೆ. ಗುಳಿಗೆಗೆ ಪ್ರಮಾಣವಿರುವಂತೆ ವಿಶ್ರಾಂತಿಗೂ ನಡಿಗೆಗೂ ಪ್ರಮಾಣವಿದೆ. ಅದು ಸರಿಯಾಗಿತ್ತೇ ಇಲ್ಲವೇ ಎಂಬುದು ಮರುದಿನ ಬೆಳಿಗ್ಗೆ ನಾಯಿ ಮೇಲೇಳುವ ರೀತಿಯಲ್ಲಿ ತಿಳಿಯುತ್ತದೆ.

ಮೊದಲ ಹಂತ: ಕಾರಣ ತಿಳಿಯುವುದು

ಕುಂಟುವುದು ಒಂದು ಲಕ್ಷಣವೇ ಹೊರತು ರೋಗವಲ್ಲ. ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್ ತಳಿಗಳಲ್ಲಿ ಸೊಂಟದ ಕೀಲಿನ ಗುಂಡಿ ಮರಿಯಾಗಿ ಬೆಳೆಯುವಾಗಲೇ ಸಡಿಲವಾಗುವುದು ಸಾಮಾನ್ಯ. ಪೊಮೆರೇನಿಯನ್‌ನಂಥ ಚಿಕ್ಕ ನಾಯಿಗಳಲ್ಲಿ ಮೊಣಕಾಲಿನ ಚಿಪ್ಪು ಜಾರುತ್ತದೆ. ಡ್ಯಾಶ್‌ಹಂಡ್‌ನಂಥ ಉದ್ದ ಬೆನ್ನಿನ ನಾಯಿಗಳಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತೆ ಹೊರಚಾಚಿ ನರಹುರಿಯನ್ನು ಒತ್ತುತ್ತದೆ. ಮುಧೋಳ ನಾಯಿಯಂಥ ಓಟದ ತಳಿಯಲ್ಲಿ ಮೊದಲು ನೋಡಬೇಕಾದದ್ದು ಪಾದ, ಬೆರಳು ಮತ್ತು ಸ್ನಾಯುಗಳನ್ನು. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಭೂಮಿಯ ಬಿರುಕಿನಲ್ಲಿ ಬೆರಳು ಸಿಕ್ಕುವುದು, ಕಬ್ಬಿನ ಕೂಳೆ ಪಾದಕ್ಕೆ ಚುಚ್ಚುವುದು ಇಲ್ಲಿನ ಹೊಲಗಳಲ್ಲಿ ಆಗುವಂಥವೇ. ಮರಿ ನಾಯಿ ಕುಂಟಿದರೆ ಅದರ ಊಟವನ್ನೂ ವಿಚಾರಿಸಬೇಕು. ಬರೀ ಮಾಂಸ ಅಥವಾ ಬರೀ ರೊಟ್ಟಿ, ಅನ್ನದ ಮೇಲೆ ಬೆಳೆದ ಮರಿಯಲ್ಲಿ ಕ್ಯಾಲ್ಸಿಯಂ ಸಾಲದೆ ಎಲುಬು ತೆಳುವಾಗಿ, ಬಾಗಿ, ಸಣ್ಣ ಜಿಗಿತಕ್ಕೂ ಮುರಿಯುತ್ತದೆ. ಅಂಥ ಮರಿಗೆ ವ್ಯಾಯಾಮಕ್ಕಿಂತ ಮೊದಲು ಆಹಾರ ಬದಲಾಗಬೇಕು.

ನಮ್ಮ ಭಾಗದಲ್ಲಿ ತಪ್ಪಿಹೋಗುವ ಇನ್ನೊಂದು ಕಾರಣ ಮೈಗೆ ಅಂಟಿ ರಕ್ತ ಹೀರುವ ಉಣ್ಣೆ ಹುಳ. ಉಣ್ಣೆಯಿಂದ ಹರಡುವ ಎರ್ಲಿಕಿಯಾ ಸೋಂಕಿನಲ್ಲಿ ಜ್ವರ, ಮಂಕುತನ, ಮೂಗಿನಲ್ಲಿ ರಕ್ತ ಇವುಗಳ ಜೊತೆಗೆ ಹಲವು ಕೀಲುಗಳು ನೋಯಬಹುದು. ಇಂದು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟುವ ನಾಯಿಯಲ್ಲಿ ಇದನ್ನು ಶಂಕಿಸಬೇಕು. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದಕ್ಕಿಂತ ಹೆಚ್ಚಿದ್ದರೆ ಕಾಲು ತಿಕ್ಕುತ್ತ ಕೂರದೆ ರಕ್ತಪರೀಕ್ಷೆ ಮಾಡಿಸುವುದು ಸರಿಯಾದ ಕ್ರಮ.

ವೈದ್ಯರ ಬಳಿ ಹೋಗುವ ಮುನ್ನ ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಳ್ಳಿ, ಏಕೆಂದರೆ ದನದ ದವಾಖಾನೆಯ ಗದ್ದಲದಲ್ಲಿ ನಾಯಿ ಭಯದಿಂದ ನೆಟ್ಟಗೆ ನಡೆದುಬಿಡುವುದುಂಟು. ಎದುರಿನಿಂದ, ಹಿಂದಿನಿಂದ, ಪಕ್ಕದಿಂದ, ನಿಧಾನ ನಡಿಗೆಯಲ್ಲಿ ಒಮ್ಮೆ ಮತ್ತು ದುಡುಕು ನಡಿಗೆಯಲ್ಲಿ ಒಮ್ಮೆ ಚಿತ್ರಿಸಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗುವಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರುವಾಗ ತಲೆ ಕೆಳಗಿಳಿಯುತ್ತದೆ. ಹಿಂಗಾಲು ನೋಯುತ್ತಿದ್ದರೆ ಆ ಬದಿಯ ಚಪ್ಪೆ, ಅಂದರೆ ಸೊಂಟದ ಪಕ್ಕದ ಎಲುಬು, ಹೆಚ್ಚು ಎಗರುತ್ತದೆ. ಉಗುರಿನ ಮೇಲ್ಭಾಗ ಸವೆದಿದ್ದರೆ, ಪಾದ ಮಡಚಿ ಎಳೆಯುತ್ತಿದ್ದರೆ ಅದು ಕೀಲಿಗಿಂತ ನರದ ತೊಂದರೆಯನ್ನು ಸೂಚಿಸುತ್ತದೆ, ಮತ್ತು ಈ ವ್ಯತ್ಯಾಸದ ಮೇಲೆ ಮುಂದಿನ ಇಡೀ ಆರೈಕೆ ನಿಂತಿರುತ್ತದೆ.

ಮನೆಯ ಆರೈಕೆಗೆ ಕೈ ಹಾಕಬಾರದ ಸಂದರ್ಭಗಳನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಾಯಿಯ ಹಿಂಗಾಲುಗಳು ಒಮ್ಮೆಗೇ ಬಿದ್ದುಹೋದರೆ, ಮೂತ್ರ ಕಟ್ಟಿದರೆ, ಬೆರಳನ್ನು ಬಲವಾಗಿ ಚಿವುಟಿದರೂ ತಿರುಗಿ ನೋಡದಿದ್ದರೆ ಅದು ತುರ್ತು ಸ್ಥಿತಿ. ಅಲ್ಲಿ ದಿನಗಳಲ್ಲ, ಗಂಟೆಗಳು ಲೆಕ್ಕಕ್ಕೆ ಬರುತ್ತವೆ ಮತ್ತು ಶಸ್ತ್ರಚಿಕಿತ್ಸೆಯೇ ಉತ್ತಮ ಆಯ್ಕೆಯಾಗಿರಬಹುದು. ಕಾಲು ವಿಕಾರವಾಗಿ ತಿರುಗಿದ್ದರೆ, ವಾಹನ ಬಡಿದಿದ್ದರೆ ಬೆನ್ನು ಅಲುಗದಂತೆ ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕು. ವಾಹನದ ಅನುಕೂಲವಿಲ್ಲದವರು ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು. ಇನ್ನು, ಲಸಿಕೆಯ ಇತಿಹಾಸ ಗೊತ್ತಿಲ್ಲದ ನಾಯಿಗೆ ಲಕ್ವಾ ಹೊಡೆದಂತಾಗಿ, ಕೆಳದವಡೆ ಜೋತು, ಜೊಲ್ಲು ಸುರಿದು, ದನಿ ಬದಲಾಗಿದ್ದರೆ ಅದು ರೇಬೀಸ್ ಆಗಿರಬಹುದು. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕಬೇಡಿ. ಜೊಲ್ಲು ಗಾಯಕ್ಕೆ ತಾಗಿದ್ದರೆ 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು.

ಎರಡನೆಯ ಹಂತ: ನೋವು ಇಳಿಸುವುದು

ನೋಯುವ ಕಾಲನ್ನು ನಾಯಿ ಊರುವುದಿಲ್ಲ, ಊರದ ಕಾಲಿನ ಸ್ನಾಯು ಕರಗುತ್ತದೆ, ಸ್ನಾಯು ಕರಗಿದ ಕೀಲು ಇನ್ನಷ್ಟು ಸಡಿಲವಾಗಿ ಇನ್ನಷ್ಟು ನೋಯುತ್ತದೆ. ಈ ಸರಪಳಿ ಕಡಿಯದೆ ವ್ಯಾಯಾಮ ಆರಂಭಿಸಿದರೆ ಅದು ನಾಯಿಗೆ ಶಿಕ್ಷೆಯಾಗುತ್ತದೆ. ವೈದ್ಯರು ಸಾಮಾನ್ಯವಾಗಿ ಮೆಲಾಕ್ಸಿಕಾಮ್, ಕಾರ್ಪ್ರೊಫೆನ್ ಮುಂತಾದ ಉರಿಯೂತ ತಗ್ಗಿಸುವ ಔಷಧಗಳನ್ನು ತೂಕಕ್ಕೆ ತಕ್ಕಂತೆ ಕೊಡುತ್ತಾರೆ, ನರದ ನೋವಿದ್ದರೆ ಗ್ಯಾಬಪೆಂಟಿನ್ ಸೇರಿಸುತ್ತಾರೆ. ಇವುಗಳನ್ನು ಊಟದ ಜೊತೆಗೇ ಕೊಡಬೇಕು. ವಾಂತಿ, ಕಪ್ಪು ಮಲ, ಊಟ ಬಿಡುವುದು ಕಂಡರೆ ಗುಳಿಗೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಸ್ಟೀರಾಯ್ಡ್ ಜೊತೆಗೆ ಇವನ್ನು ಎಂದೂ ಕೂಡಿಸಬಾರದು; ಒಬ್ಬ ವೈದ್ಯರು ಸ್ಟೀರಾಯ್ಡ್ ಸೂಜಿ ಕೊಟ್ಟಿದ್ದರೆ ಇನ್ನೊಬ್ಬರಿಗೆ ಅದನ್ನು ಹೇಳುವುದು ನಾಯಿ ಸಾಕಿದವರ ಹೊಣೆ. ತಿಂಗಳುಗಟ್ಟಲೆ ಔಷಧ ನಡೆಯುವುದಾದರೆ ಮೂತ್ರಪಿಂಡ, ಯಕೃತ್ತಿನ ರಕ್ತಪರೀಕ್ಷೆ ಆಗಾಗ ಆಗಬೇಕು.

ಮನೆಯ ಡಬ್ಬಿಯಲ್ಲಿರುವ ಮನುಷ್ಯರ ನೋವಿನ ಗುಳಿಗೆ ನಾಯಿಗೆ ಬೇಡವೇ ಬೇಡ. ಐಬುಪ್ರೊಫೆನ್ ಮತ್ತು ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತು ಹಾಳಾಗುತ್ತದೆ. ಡೈಕ್ಲೊಫೆನಾಕ್ ಅನ್ನು ಪ್ರಾಣಿಗಳಿಗೆ ಬಳಸುವುದನ್ನು ಭಾರತ 2006ರಲ್ಲಿಯೇ ನಿಷೇಧಿಸಿತು. ಸತ್ತ ದನಗಳ ಮೂಲಕ ಅದು ರಣಹದ್ದುಗಳ ಸಂತತಿಯನ್ನು ಅಳಿಸುತ್ತಿತ್ತು ಎಂಬುದು ಅದಕ್ಕೆ ಕಾರಣ. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್ ಕೂಡ ಅದೇ ಪಟ್ಟಿಗೆ ಸೇರಿದವು. ಕರ್ಪೂರ, ಪುದೀನಾ ಸತ್ವ ಇರುವ ಮುಲಾಮು, ನೋವಿನೆಣ್ಣೆಗಳನ್ನೂ ಹಚ್ಚಬಾರದು, ನಾಯಿ ಅದನ್ನು ನೆಕ್ಕದೆ ಬಿಡುವುದಿಲ್ಲ. ಕೀಲಿನ ಪೂರಕಗಳ ಪೈಕಿ ಮೀನೆಣ್ಣೆಯ ಒಮೇಗಾ-3ಕ್ಕೆ ತಕ್ಕಮಟ್ಟಿನ ಆಧಾರವಿದೆ, ಗ್ಲೂಕೊಸಮೈನ್‌ಗೆ ಇರುವ ಆಧಾರ ತೆಳುವಾದದ್ದು. ದುಡ್ಡು ಸೀಮಿತವಾಗಿದ್ದರೆ ಅದನ್ನು ರಕ್ತಪರೀಕ್ಷೆಗೆ ಹಾಕುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಹಂತ: ತೂಕ

ದಪ್ಪ ನಾಯಿಯ ಕೀಲುವಾತಕ್ಕೆ ತೂಕ ಇಳಿಸುವುದಕ್ಕಿಂತ ಒಳ್ಳೆಯ ಔಷಧವಿಲ್ಲ. ದೇಹತೂಕದಲ್ಲಿ ನೂರಕ್ಕೆ ಆರೇಳು ಭಾಗ ಇಳಿದರೂ ಕುಂಟುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ, 35 ಕೆ.ಜಿ. ಲ್ಯಾಬ್ರಡಾರ್‌ಗೆ ಅದು ಎರಡೂವರೆ ಕೆ.ಜಿ.ಗಿಂತ ಹೆಚ್ಚಲ್ಲ. 48 ಲ್ಯಾಬ್ರಡಾರ್‌ಗಳನ್ನು ಜೀವನಪರ್ಯಂತ ಗಮನಿಸಿ 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಜೊತೆಗಾರ ನಾಯಿಗಿಂತ ನೂರಕ್ಕೆ 25ರಷ್ಟು ಕಡಿಮೆ ಉಂಡವು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಅವುಗಳಿಗೆ ಕೀಲುವಾತ ಬಂದದ್ದೂ ತಡವಾಗಿ.

ಪಕ್ಕೆಲುಬಿನ ಮೇಲೆ ಅಂಗೈ ಆಡಿಸಿದಾಗ ಒತ್ತದೆಯೇ ಎಲುಬು ಕೈಗೆ ಸಿಗಬೇಕು, ಮೇಲಿನಿಂದ ನೋಡಿದಾಗ ಸೊಂಟ ಒಳಸೇರಿರಬೇಕು. ಮುಧೋಳ ನಾಯಿಯಲ್ಲಿ ಕೊನೆಯ ಕೆಲವು ಪಕ್ಕೆಲುಬುಗಳು ಎದ್ದು ಕಾಣುವುದು ಅದರ ಸಹಜ ಮೈಕಟ್ಟು. ನೆಂಟರು ನಾಯಿ ಬಡಕಲಾಗಿದೆ ಎಂದರೆಂದು ಅದಕ್ಕೆ ಬೆಣ್ಣೆ ತಿನ್ನಿಸಬೇಕಿಲ್ಲ. ತೂಕ ನೋಡಲು ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕ ಕಳೆಯಬಹುದು, ಎತ್ತಲಾಗದ ನಾಯಿಯನ್ನು ಗೊಬ್ಬರದ ಅಂಗಡಿಯ ಕಾಟಾದ ಮೇಲೆ ನಿಲ್ಲಿಸಬಹುದು. ಎರಡು ವಾರಕ್ಕೊಮ್ಮೆ ನೋಡಿದರೆ ಸಾಕು. ಊಟದ ಬಟ್ಟಲಿಗಿಂತ ಹೆಚ್ಚಾಗಿ ಮನೆಮಂದಿಯೆಲ್ಲ ಕೈಯಿಂದ ಎಸೆಯುವ ರೊಟ್ಟಿ ಚೂರು, ಬಿಸ್ಕತ್ತುಗಳೇ ತೂಕ ಏರಿಸುತ್ತವೆ.

ನಾಲ್ಕನೆಯ ಹಂತ: ನೆಲ ಮತ್ತು ಮಲಗುವ ಜಾಗ

ಇಳಕಲ್ಲಿನ ಗ್ರಾನೈಟು, ಪಾಲಿಶ್ ಮಾಡಿದ ಶಹಾಬಾದ ಫರಸಿ, ಹೊಳೆಯುವ ಟೈಲ್ಸ್ ಇವೆಲ್ಲ ಮನೆಗೆ ಅಂದ, ಕಾಲು ಸೋತ ನಾಯಿಗೆ ಕಂಟಕ. ಒಮ್ಮೆ ಜಾರಿ ಕಾಲು ಅಗಲವಾಗಿ ಬಿದ್ದ ನಾಯಿ ಏಳಲು ಹೆದರುತ್ತದೆ, ಆ ಹೆದರಿಕೆ ನೋವಿನಷ್ಟೇ ಅದನ್ನು ಕಟ್ಟಿಹಾಕುತ್ತದೆ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹೊರಬಾಗಿಲಿಗೆ ಹೋಗುವ ಹಾದಿಯಲ್ಲಿ ಗೋಣಿತಟ್ಟು ಅಥವಾ ಹಳೆಯ ಜಮಖಾನೆಯನ್ನು ಹಾಸಿ, ಅಂಚು ಮಡಚದಂತೆ ಅಡಿಯಲ್ಲಿ ರಬ್ಬರ್ ಜಾಲರಿ ಇಡಿ. ಉಗುರು ಕತ್ತರಿಸಿ, ಪಾದದ ಅಡಿಯ ಕೂದಲು ಟ್ರಿಮ್ ಮಾಡಿ. ಮಲಗಲು ನಾಲ್ಕೈದು ಮಡಿಕೆಯ ಕೌದಿ ಸಾಕಾಗುತ್ತದೆ. ಹೊರಗಿನ ಮೆಟ್ಟಿಲುಗಳ ಮೇಲೆ ಇಳಿಜಾರು ಹಲಗೆ ಹಾಕಿ ಅದಕ್ಕೂ ತಟ್ಟು ಬಡಿಯಿರಿ. ಚಳಿಗಾಲದ ಬೆಳಗಿನಲ್ಲಿ ಕೀಲು ಬಿಗಿಯುವುದರಿಂದ ಬರಿ ಫರಸಿಯ ಮೇಲೆ ಮಲಗಿಸಬಾರದು.

ಐದನೆಯ ಹಂತ: ತಂಪು, ಕಾವು, ಅಂಗಮರ್ದನ

ಹೊಸ ಪೆಟ್ಟು, ಊತ ಇದ್ದಾಗ ಮೊದಲ ಎರಡು ಮೂರು ದಿನ ತಂಪು, ಹಳೆಯ ಬಿಗಿತಕ್ಕೆ ಕಾವು ಎಂಬುದು ನಿಯಮ. ಮಂಜುಗಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಬಹುದು. ಕಾವು ಕೊಡುವಾಗ ಬಿಸಿನೀರಿನ ಚೀಲವನ್ನು ಮೊದಲು ನಿಮ್ಮ ಮಣಿಕಟ್ಟಿನ ಒಳಬದಿಗೆ ಒತ್ತಿ ನೋಡಿ, ನಿಮಗೆ ಹಿತವೆನಿಸಿದರೆ ಮಾತ್ರ ಟವೆಲ್ ಸುತ್ತಿ ಇಡಿ. ಸ್ಪರ್ಶಜ್ಞಾನವಿಲ್ಲದ ಕಾಲಿಗೆ ಎರಡೂ ಬೇಡ, ಸುಟ್ಟರೂ ನಾಯಿಗೆ ತಿಳಿಯುವುದಿಲ್ಲ.

ಕಾವಿನ ನಂತರ ಐದು ಹತ್ತು ನಿಮಿಷ ಅಂಗೈಯಿಂದ ಪಾದದ ಕಡೆಯಿಂದ ಮೇಲಕ್ಕೆ ನಿಧಾನವಾಗಿ ಸವರಿ, ಆಮೇಲೆ ತೊಡೆಯ ಸ್ನಾಯುವನ್ನು ಮೃದುವಾಗಿ ಹಿಸುಕಿ. ಎಲುಬಿನ ಮೇಲೆ ಒತ್ತಬಾರದು. ಹಿಂಗಾಲು ಸೋತ ನಾಯಿಯಲ್ಲಿ ಹೆಗಲು ಮತ್ತು ಕತ್ತನ್ನೂ ಮರೆಯಬೇಡಿ. ಆರೋಗ್ಯವಂತ ನಾಯಿಯೇ ತನ್ನ ತೂಕದ ನೂರಕ್ಕೆ 60 ಭಾಗವನ್ನು ಮುಂಗಾಲುಗಳ ಮೇಲೆ ಹೊರುತ್ತದೆ, ಹಿಂಗಾಲು ನೋಯುವ ನಾಯಿ ಇನ್ನೂ ಹೆಚ್ಚು ಹೊರುತ್ತದೆ.

ಆರನೆಯ ಹಂತ: ಕೀಲು ಆಡಿಸುವುದು ಮತ್ತು ವ್ಯಾಯಾಮ

ನಾಯಿಯನ್ನು ಒಳ್ಳೆಯ ಬದಿಯ ಮೇಲೆ ಮಲಗಿಸಿ. ಒಂದು ಕೈ ಕೀಲಿನ ಮೇಲ್ಭಾಗದಲ್ಲಿ, ಇನ್ನೊಂದು ಕೆಳಭಾಗದಲ್ಲಿ ಇರಲಿ. ಬೆರಳುಗಳಿಂದ ಆರಂಭಿಸಿ ಹಿಮ್ಮಡಿ, ಮೊಣಕಾಲು, ಸೊಂಟ ಎಂದು ಒಂದೊಂದೇ ಕೀಲನ್ನು ನಿಧಾನವಾಗಿ ಮಡಚಿ ಬಿಡಿಸಿ. ಪ್ರತಿ ಕೀಲಿಗೆ 10ರಿಂದ 15 ಸಲ, ದಿನಕ್ಕೆ ಎರಡು ಮೂರು ಬಾರಿ. ನಾಯಿ ತಲೆ ತಿರುಗಿಸಿ ನೋಡಿದ, ತುಟಿ ನೆಕ್ಕಿದ ಅಥವಾ ಸ್ನಾಯು ಬಿಗಿದ ಕಡೆಗೇ ಆ ಚಲನೆಯ ಗಡಿ, ಅದನ್ನು ದಾಟಬೇಡಿ. ಕೊನೆಯಲ್ಲಿ ಇಡೀ ಕಾಲನ್ನು ಸೈಕಲ್ ತುಳಿದಂತೆ ತಿರುಗಿಸಬಹುದು. ಹೊಸ ಮುರಿತ ಅಥವಾ ಕಳಚಿದ ಕೀಲು ಇದ್ದರೆ ಇದನ್ನು ಮಾಡಕೂಡದು.

ನಿಲ್ಲಬಲ್ಲ ನಾಯಿಗೆ ನಿಲ್ಲುವುದೇ ಮೊದಲ ವ್ಯಾಯಾಮ. ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಆಧಾರ ಕೊಟ್ಟು, ನಾಲ್ಕೂ ಪಾದ ಸರಿಯಾಗಿ ಊರಿಸಿ, ಚಪ್ಪೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಒತ್ತಿ ತೂಕ ಬದಲಿಸುವಂತೆ ಮಾಡಿ. ಇದು ಸಲೀಸಾದ ಮೇಲೆ ಒಳ್ಳೆಯ ಕಾಲನ್ನು ಕೆಲವು ಕ್ಷಣ ಎತ್ತಿ ಹಿಡಿದರೆ ಸೋತ ಕಾಲು ತೂಕ ಹೊರಲೇಬೇಕಾಗುತ್ತದೆ. ಅನಂತರ ಕುಳಿತು ಏಳುವುದು: ಗೋಡೆಯ ಪಕ್ಕದಲ್ಲಿ, ನೋಯುವ ಕಾಲು ಗೋಡೆಯ ಬದಿಗೆ ಬರುವಂತೆ ಕೂರಿಸಿದರೆ ನಾಯಿ ಕಾಲನ್ನು ಪಕ್ಕಕ್ಕೆ ಚಾಚಿ ಮೋಸ ಮಾಡಲಾರದು. ಐದು ಸಲದಿಂದ ಆರಂಭಿಸಿ ಹತ್ತಕ್ಕೆ ಏರಿಸಬಹುದು.

ನಡಿಗೆ ಹಗ್ಗ ಕಟ್ಟಿಯೇ ಆಗಬೇಕು, ನಿಧಾನವಾಗಿಯೇ ಆಗಬೇಕು. ವೇಗ ಹೆಚ್ಚಿದರೆ ನಾಯಿ ನೋಯುವ ಕಾಲನ್ನು ಎತ್ತಿಕೊಂಡು ಮೂರು ಕಾಲಿನಲ್ಲಿ ಓಡುತ್ತದೆ. ನಿಧಾನವಾದರೆ ನಾಲ್ಕನ್ನೂ ಊರಲೇಬೇಕು. ಮೊದಲ ವಾರ ದಿನಕ್ಕೆ ಎರಡು ಮೂರು ಬಾರಿ ಐದೈದು ನಿಮಿಷ, ಆಮೇಲೆ ವಾರಕ್ಕೆ ಕೆಲವೇ ನಿಮಿಷಗಳಂತೆ ಏರಿಕೆ. ಮರುದಿನ ಬೆಳಿಗ್ಗೆ ಬಿಗಿತ ಅಥವಾ ಕುಂಟು ಹೆಚ್ಚಾಗಿದ್ದರೆ ಆ ದಿನ ಅರ್ಧಕ್ಕೆ ಇಳಿಸಿ. ವಾರವಿಡೀ ಕಟ್ಟಿಹಾಕಿ ಭಾನುವಾರ ಹೊಲದಲ್ಲಿ ಬಿಡುವ ಪದ್ಧತಿಯಷ್ಟು ಕೆಟ್ಟದ್ದು ಕೀಲುವಾತಕ್ಕೆ ಬೇರಿಲ್ಲ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಸೂರ್ಯ ಏರುವ ಮುನ್ನ ಮತ್ತು ನೆಲ ಆರಿದ ಮೇಲೆ ಮಾತ್ರ ಹೊರಡಬೇಕು. ಡಾಂಬರಿನ ಮೇಲೆ ನಿಮ್ಮ ಕೈಹಿಂಬದಿ ಏಳೆಂಟು ಸೆಕೆಂಡು ನಿಲ್ಲದಿದ್ದರೆ ನಾಯಿಯ ಪಾದವೂ ನಿಲ್ಲದು.

ಇದಾದ ಮೇಲೆ ಎಂಟರ ಆಕಾರದಲ್ಲಿ ಸುತ್ತುವುದು, ಸೌಮ್ಯ ಏರು ಹತ್ತುವುದು, ಅಡ್ಡಕೋಲು ದಾಟುವುದು. ಅಡ್ಡಕೋಲಿಗೆ ಜೋಳದ ಕಣಿಕೆಯಷ್ಟು ಒಳ್ಳೆಯ ವಸ್ತು ಪೇಟೆಯಲ್ಲಿ ಸಿಗದು: ಹಗುರ, ಎಡವಿದರೆ ಮುರಿಯುತ್ತದೆಯೇ ಹೊರತು ಕಾಲಿಗೆ ಪೆಟ್ಟಾಗದು. ಒಂದೊಂದು ನಾಯಿಯ ಮೈಯುದ್ದದ ಅಂತರದಲ್ಲಿ ನಾಲ್ಕೈದನ್ನು ಮೊದಲು ನೆಲದ ಮೇಲೆಯೇ ಇಟ್ಟು, ಆಮೇಲೆ ಇಟ್ಟಿಗೆಯ ಮೇಲಿಟ್ಟು ಮುಂಗಾಲಿನ ಮಣಿಕಟ್ಟಿನ ಎತ್ತರದವರೆಗೆ ಮಾತ್ರ ಏರಿಸಿ. ಕಬ್ಬು ಬೇಡ, ನಾಯಿ ಅದನ್ನು ದಾಟುವ ಬದಲು ಕಚ್ಚಿಕೊಂಡು ಮಲಗುತ್ತದೆ.

ಬೆನ್ನಿನ ಮೆತ್ತೆ ಜಾರಿದ ನಾಯಿಗೆ ಮಾತ್ರ ಈ ಕ್ರಮ ತಿರುವುಮುರುವು. ಅದಕ್ಕೆ ಮೊದಲು ಕಡೇಪಕ್ಷ ನಾಲ್ಕು ವಾರ ಕಟ್ಟುನಿಟ್ಟಿನ ವಿಶ್ರಾಂತಿ. ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸಾಲುವಷ್ಟೇ ಜಾಗ, ಮಲಮೂತ್ರಕ್ಕೆ ಮಾತ್ರ ಹೊರಗೆ, ಅದೂ ಕತ್ತಿನ ಪಟ್ಟಿಯಿಂದಲ್ಲ, ಎದೆಪಟ್ಟಿಯಿಂದ. ನೋವು ಇಳಿದ ಮೂರನೆಯ ದಿನಕ್ಕೇ ನಾಯಿ ಕುಣಿಯತೊಡಗುತ್ತದೆ, ಮನೆಯವರು ಕರಗಿ ಬಿಟ್ಟುಬಿಡುತ್ತಾರೆ. ಮೆತ್ತೆ ಮತ್ತೆ ಜಾರುವುದು ಹೆಚ್ಚಾಗಿ ಆಗಲೇ.

ಏಳನೆಯ ಹಂತ: ನೀರು

ನೀರಿನಲ್ಲಿ ದೇಹ ತೇಲುವುದರಿಂದ ಕೀಲಿನ ಮೇಲಿನ ಭಾರ ಇಳಿಯುತ್ತದೆ. ನೀರು ಹಿಮ್ಮಡಿಯವರೆಗಿದ್ದರೆ ನಾಯಿ ತನ್ನ ತೂಕದ ನೂರಕ್ಕೆ 91 ಭಾಗ ಹೊರುತ್ತದೆ, ಮೊಣಕಾಲಿನವರೆಗಿದ್ದರೆ 85, ಸೊಂಟದವರೆಗೆ ಬಂದರೆ 38 ಮಾತ್ರ. ದೊಡ್ಡ ಊರುಗಳ ಪುನಶ್ಚೇತನ ಕೇಂದ್ರಗಳಲ್ಲಿ ನೀರೊಳಗಿನ ಟ್ರೆಡ್‌ಮಿಲ್ ಬಳಸುವುದು ಈ ಲೆಕ್ಕದ ಮೇಲೆಯೇ.

ಇದನ್ನು ಓದಿ ನಾಯಿಯನ್ನು ಕಾಲುವೆಗೋ ಹೊಳೆಗೋ ಇಳಿಸಬೇಡಿ. ಕಾಲುವೆಯ ಸೆಳೆತಕ್ಕೆ ಕಾಲು ಸೋತ ನಾಯಿ ನಿಲ್ಲದು, ಕೃಷ್ಣೆಯಲ್ಲಿ ಮೊಸಳೆಗಳಿವೆ, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ಅಂಚನ್ನು ಗಟ್ಟಿ ನಾಯಿಯೂ ಹತ್ತಲಾರದು. ಹೊಲದ ಸಿಮೆಂಟ್ ತೊಟ್ಟಿಯ ತಳಕ್ಕೆ ರಬ್ಬರ್ ಮ್ಯಾಟ್ ಹಾಸಿ, ಚಪ್ಪೆಯ ಮಟ್ಟಕ್ಕೆ ಉಗುರುಬೆಚ್ಚಗಿನ ನೀರು ತುಂಬಿ, ನೀವೂ ಜೊತೆಗಿಳಿದು ಎರಡು ಮೂರು ನಿಮಿಷ ನಡೆಸುವುದು ಸಾಕು. ಮುಧೋಳ ನಾಯಿಗೆ ಮೈಯಲ್ಲಿ ಕೊಬ್ಬಿಲ್ಲದ್ದರಿಂದ ಬೇಗ ಚಳಿ ಹಿಡಿಯುತ್ತದೆ, ತೇಲುವುದೂ ಕಷ್ಟ. ಗಾಯ, ಜ್ವರ, ಹೃದಯದ ತೊಂದರೆ ಇದ್ದರೆ ನೀರು ಬೇಡ.

ಲೇಸರ್, ವಿದ್ಯುತ್ ಪ್ರಚೋದನೆ, ಅಕ್ಯುಪಂಕ್ಚರ್ ಮುಂತಾದವು ಕೆಲವು ನಾಯಿಗಳಲ್ಲಿ ನೋವು ತಗ್ಗಿಸುತ್ತವೆ, ಆದರೆ ಅವುಗಳ ಪುರಾವೆ ಏಕಪ್ರಕಾರವಾಗಿಲ್ಲ. ಗಡ್ಡೆ ಇರುವ ಜಾಗದ ಮೇಲೆ ಇವನ್ನು ಬಳಸಬಾರದು. ತೂಕ, ನೋವು, ನೆಲ, ನಡಿಗೆ ಇವು ನಾಲ್ಕೂ ಸರಿಯಾದ ಮೇಲೆ ಇವುಗಳ ಕಡೆ ನೋಡಿದರಾಯಿತು.

ಎಂಟನೆಯ ಹಂತ: ಏಳಲಾಗದ ನಾಯಿಯ ಶುಶ್ರೂಷೆ

ಮಲಗಿದಲ್ಲೇ ಇರುವ ನಾಯಿಯನ್ನು ಎರಡರಿಂದ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಚಪ್ಪೆ, ಮೊಣಕೈ, ಹೆಗಲಿನ ಎಲುಬಿನ ಮೇಲೆ ಹುಣ್ಣಾಗುತ್ತದೆ. ಮೂತ್ರದಲ್ಲಿ ತೊಯ್ದ ಹುಣ್ಣಿಗೆ ನೊಣ ಕೂತರೆ ಒಂದೆರಡು ದಿನದಲ್ಲಿ ಹುಳ ಬೀಳುತ್ತದೆ. ಹಿಂಭಾಗದ ಕೂದಲು ಕತ್ತರಿಸಿ, ಪ್ರತಿ ಸಲ ತೊಳೆದು ಪೂರ್ತಿ ಒಣಗಿಸಿ, ಸೊಳ್ಳೆಪರದೆಯೊಳಗೆ ಮಲಗಿಸುವುದು ಒಳ್ಳೆಯದು. ಮೂತ್ರ ತಾನಾಗಿ ಬಾರದಿದ್ದರೆ ಹೊಟ್ಟೆಯ ಎರಡೂ ಬದಿಯಿಂದ ಮೂತ್ರಕೋಶವನ್ನು ಮೃದುವಾಗಿ ಒತ್ತಿ ದಿನಕ್ಕೆ ಮೂರು ನಾಲ್ಕು ಬಾರಿ ಖಾಲಿ ಮಾಡಬೇಕು. ಇದನ್ನು ವೈದ್ಯರ ಮುಂದೆ ನಿಮ್ಮ ಕೈಯಿಂದಲೇ ಮಾಡಿ ಕಲಿಯದೆ ಮನೆಯಲ್ಲಿ ಯತ್ನಿಸಬಾರದು, ಜೋರಾಗಿ ಒತ್ತಿದರೆ ಮೂತ್ರಕೋಶ ಒಡೆಯಬಹುದು. ತೊಟ್ಟಿಕ್ಕುವುದನ್ನು ಕಂಡು ಮೂತ್ರ ಹೋಗುತ್ತಿದೆ ಎಂದು ತಿಳಿಯಬೇಡಿ. ತುಂಬಿದ ಕೋಶವೂ ಹಾಗೆಯೇ ತೊಟ್ಟಿಕ್ಕುತ್ತದೆ. ಮೂತ್ರ ಕಲಕಾಗಿದ್ದರೆ, ಕೆಟ್ಟ ವಾಸನೆ ಇದ್ದರೆ ಪರೀಕ್ಷೆ ಮಾಡಿಸಬೇಕು.

ಮುಂಗಾಲು ಗಟ್ಟಿಯಿದ್ದ ನಾಯಿಗೆ ಗಾಲಿಬಂಡಿ ಒಳ್ಳೆಯ ಆಸರೆ. ಪಿವಿಸಿ ಪೈಪಿನಿಂದ ಊರಿನ ವೆಲ್ಡರ್ ಅಥವಾ ಪ್ಲಂಬರ್ ಕೈಯಲ್ಲೂ ಮಾಡಿಸಬಹುದು. ನಾಯಿ ನಿಂತ ಭಂಗಿಯಲ್ಲಿ ಚಪ್ಪೆಯ ಎತ್ತರ, ಅಗಲ ಮತ್ತು ಮುಂಗಾಲಿನ ಹಿಂಬದಿಯಿಂದ ಬಾಲದ ಬುಡದವರೆಗಿನ ಉದ್ದವನ್ನು ಅಳೆಯಿರಿ. ಬೆನ್ನು ಸಮತಟ್ಟಾಗಿರಬೇಕು, ಬಾಗಲೂಬಾರದು, ಉಬ್ಬಲೂಬಾರದು. ಮೊದಮೊದಲು ಹತ್ತು ಹದಿನೈದು ನಿಮಿಷ ಸಾಕು. ಬಿಚ್ಚಿದ ಕೂಡಲೇ ತೊಡೆಯ ಸಂದಿಯಲ್ಲಿ ಚರ್ಮ ಕೆಂಪಾಗಿದೆಯೇ ನೋಡಿ. ಬಂಡಿಯಲ್ಲಿ ಕಟ್ಟಿ ಬಿಟ್ಟು ಹೊಲಕ್ಕೆ ಹೋಗಬಾರದು.

ಮರುತಪಾಸಣೆ

ಒಂದು ಹಳೆಯ ನೋಟುಬುಕ್ಕಿನಲ್ಲಿ ದಿನಾಂಕ, ನಡೆದ ನಿಮಿಷ, ಮರುದಿನ ಬೆಳಗಿನ ಸ್ಥಿತಿ, ಕೊಟ್ಟ ಔಷಧ ಇಷ್ಟನ್ನು ಬರೆಯಿರಿ. ತೊಡೆಯ ನಡುಭಾಗದ ಸುತ್ತಳತೆಯನ್ನು ಟೇಲರ್ ಪಟ್ಟಿಯಿಂದ ತಿಂಗಳಿಗೊಮ್ಮೆ, ಎರಡೂ ಕಾಲಿನದು, ಒಂದೇ ಭಂಗಿಯಲ್ಲಿ ಅಳೆಯಿರಿ. ವಿಡಿಯೋವನ್ನು ಎರಡು ವಾರಕ್ಕೊಮ್ಮೆ ಅದೇ ಜಾಗದಲ್ಲಿ ತೆಗೆಯಿರಿ, ಏಕೆಂದರೆ ದಿನವೂ ನೋಡುವ ಕಣ್ಣಿಗೆ ನಿಧಾನದ ಸುಧಾರಣೆಯೂ ನಿಧಾನದ ಇಳಿತವೂ ಕಾಣುವುದಿಲ್ಲ.

ಆರರಿಂದ ಎಂಟು ವಾರ ಕ್ರಮ ತಪ್ಪದೆ ನಡೆಸಿದರೂ ಬದಲಾವಣೆ ಕಾಣದಿದ್ದರೆ ವ್ಯಾಯಾಮ ಹೆಚ್ಚಿಸುವ ಬದಲು ರೋಗನಿರ್ಣಯವನ್ನೇ ಮತ್ತೆ ಪರಿಶೀಲಿಸಲು ಕೇಳಬೇಕು. ಮೊಣಕಾಲಿನ ಒಳಗಿನ ಅಸ್ಥಿರಜ್ಜು ಹರಿದಿದ್ದರೆ 15 ಕೆ.ಜಿ.ಗಿಂತ ಹಗುರವಾದ ನಾಯಿಗಳಲ್ಲಿ ಬಹುಪಾಲು ವಿಶ್ರಾಂತಿ ಮತ್ತು ವ್ಯಾಯಾಮದಿಂದ ಚೇತರಿಸಿಕೊಳ್ಳುತ್ತವೆ. ಅದಕ್ಕಿಂತ ಭಾರವಾದವುಗಳಲ್ಲಿ ಹಾಗೆ ಚೇತರಿಸಿಕೊಳ್ಳುವವು ತೀರ ಕಡಿಮೆ, ಅವಕ್ಕೆ ಶಸ್ತ್ರಚಿಕಿತ್ಸೆಯ ಮಾತನ್ನು ತಡಮಾಡದೆ ಆಡಬೇಕು. ಶಸ್ತ್ರಚಿಕಿತ್ಸೆ ಆದ ನಾಯಿಗೂ ವೈದ್ಯರು ಹೇಳಿದ ದಿನದಿಂದ ಇದೇ ನೆಲ, ಇದೇ ತೂಕ, ಇದೇ ಐದು ನಿಮಿಷದ ನಡಿಗೆಯಿಂದಲೇ ಆರಂಭಿಸಬೇಕಾಗುತ್ತದೆ.